ಬರೀ ಕೂರೋದಕ್ಕೆ ಲೈಬ್ರರಿ ಬೇಕಾ?

ಅಕ್ಕಾ, ಶರಣು.

ನಿಮ್ಮ ಪತ್ರ ಎರಡು ಸಲ ಓದಿದೆ. ಮಗಳು ಸರ್ಕಾರಿ ಕೆಲಸದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ) ಪರೀಕ್ಷೆಗೆ ಓದುತ್ತಿದ್ದಾಳೆ, ದಿನಾ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ನಿಮ್ಮ ಬಡಾವಣೆ ಹತ್ತಿರದ ಲೈಬ್ರರಿಗೆ ಹೋಗುತ್ತಾಳೆ, ಆದರೆ ಅಲ್ಲಿನ ಪುಸ್ತಕ ಮುಟ್ಟುವುದೇ ಇಲ್ಲ, ತನ್ನ ಪುಸ್ತಕ ತಾನೇ ಒಯ್ದು ಓದುತ್ತಾಳೆ ಅಂತ ಬರೆದಿದ್ದೀರಿ. ಎಲ್ಲಾ ಮೊಬೈಲಿನಲ್ಲೇ ಸಿಗುವಾಗ ಬರೀ ಕೂರೋದಕ್ಕೆ ಸರ್ಕಾರ ಲೈಬ್ರರಿ ನಡೆಸಬೇಕಾ, ಆ ದುಡ್ಡು ಕೋಚಿಂಗಿಗೆ ಕೊಡಬಾರದಾ ಅಂತ ಕೇಳಿದ್ದೀರಿ.

ನಡೆಸಬೇಕು ಅಕ್ಕಾ. ಬರೀ ಕೂರೋದಕ್ಕಾದರೂ ನಡೆಸಬೇಕು.

ನಾನು ಜೇವರ್ಗಿ ಕಡೆಯ ಹಳ್ಳಿಯಿಂದ ಕಲಬುರಗಿಗೆ ಓದಲು ಬಂದವನು. ತಗಡಿನ ರೂಮಿನಲ್ಲಿ ಮೂವರು ಇದ್ದೆವು. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 42 ಡಿಗ್ರಿ ಮುಟ್ಟಿದಾಗ ಆ ತಗಡಿನ ಕೆಳಗೆ ಪುಸ್ತಕ ಹಿಡಿದರೆ ಬೆವರು ಹಾಳೆ ಮೇಲೇ ಬೀಳುತ್ತಿತ್ತು. ಲೈಬ್ರರಿಯಲ್ಲಿ ಫ್ಯಾನು ಇತ್ತು, ಮೇಜು ಇತ್ತು, ಯಾರೂ ಮಾತಾಡಿಸದ ನಾಲ್ಕು ತಾಸು ಸಿಗುತ್ತಿತ್ತು. ಹುಡುಗಿಯರಿಗೆ ಇದು ಇನ್ನೂ ಜಾಸ್ತಿ ಬೇಕು. ಮನೆಯಲ್ಲಿ ಕೂತರೆ ಒಬ್ಬರು ನೀರು ಕೇಳುತ್ತಾರೆ, ಇನ್ನೊಬ್ಬರು ರೊಟ್ಟಿ ಬಡಿ ಬಾ ಅಂತಾರೆ. ನಿಮ್ಮದು ಎರಡೇ ಕೋಣೆಯ ಮನೆ ಅಂತ ನೀವೇ ಬರೆದಿದ್ದೀರಲ್ಲ. ತಿಂಗಳಿಗಿಷ್ಟು ಅಂತ ತೆಗೆದುಕೊಂಡು ಓದಲು ಜಾಗ ಕೊಡುವವರೂ ಇದ್ದಾರೆ, ನಿಜ. ಅದನ್ನು ಕಟ್ಟಲಾಗದ ಮಕ್ಕಳು ಎಲ್ಲಿ ಕೂರಬೇಕು?

ಇನ್ನು ದುಡ್ಡಿನ ಮಾತು. ಲೈಬ್ರರಿ ನಡೆಯುವುದರಲ್ಲಿ ನಿಮ್ಮ ಕೈಯ ದುಡ್ಡೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಬೀಳುತ್ತದೆ. ಸಾವಿರ ರೂಪಾಯಿ ಮನೆ ತೆರಿಗೆಗೆ 60 ರೂಪಾಯಿ. ಪಾಲಿಕೆ ಅದನ್ನು ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ಆ ಕರ ಲೈಬ್ರರಿಗೆಂದೇ ಎತ್ತುವುದು, ಕೋಚಿಂಗಿಗೆ ಅಲ್ಲ. ನಮ್ಮ ಭಾಗ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1955ರಲ್ಲೇ, ಇಲ್ಲಿಗೆ ಗ್ರಂಥಾಲಯ ಕಾಯ್ದೆ ಬಂದಿತ್ತು. ಈ ವಿಷಯದಲ್ಲಿ ನಾವು ಹಿಂದುಳಿದವರಲ್ಲ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಮೊಬೈಲ್ ಬೇಡ ಅಂತ ನಾನು ಹೇಳಲ್ಲ. ಗ್ರಂಥಾಲಯ ಇಲಾಖೆಯೇ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಶುರು ಮಾಡಿದೆ, ಮಗಳು ನೋಂದಾಯಿಸಿಕೊಳ್ಳಲಿ.

ಬೆಳಿಗ್ಗೆ ಒಮ್ಮೆ ನೀವೂ ಆಕೆಯ ಜೊತೆ ಹೋಗಿ. ಪೇಪರ್ ಮೇಜಿನ ಹತ್ತಿರ ಸುಮ್ನೆ ಅರ್ಧ ತಾಸು ಕೂತು ಬನ್ನಿ. ನಾನು ಹೋಗುವ ಕಡೆ ಒಬ್ಬ ಹಿರಿಯರು ಉರ್ದು ಪೇಪರ್ ಮುಗಿಸಿ, ಪಕ್ಕದವರು ಕನ್ನಡದ್ದು ಬಿಡುವ ತನಕ ಕಾಯುತ್ತಾರೆ, ಆಮೇಲೆ ಅದನ್ನೂ ಓದುತ್ತಾರೆ. ಮನೆಗೆ ಎರಡು ಪೇಪರ್ ಹಾಕಿಸಿಕೊಳ್ಳುವ ಶಕ್ತಿ ಎಲ್ಲರಿಗೂ ಇರಲ್ಲ ಅಲ್ವಾ? ಶಾಲೆ ರಜೆ ಇದ್ದಾಗ ಚಿಕ್ಕ ಮಕ್ಕಳೂ ಬಂದು ಚಿತ್ರದ ಪುಸ್ತಕ ಹರವಿಕೊಂಡು ಕೂರುತ್ತಾರೆ.

ನಿಮ್ಮ ಒಂದು ದೂರನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಪರೀಕ್ಷೆಯ ಪುಸ್ತಕಗಳು ಹಳೇವು, ಹುಡುಗಿಯರ ಶೌಚಾಲಯಕ್ಕೆ ಬೀಗ ಅಂದಿರಿ. ಇದು ಸಣ್ಣ ಮಾತಲ್ಲ. ಆರು ತಾಸು ಕೂತು ಓದುವ ಹುಡುಗಿ ನೀರು ಕುಡಿಯಲು ಹೆದರಬೇಕಾಗುತ್ತದೆ. ಮೊದಲು ಗ್ರಂಥಪಾಲಕರಿಗೆ ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಉಳಿಯಲ್ಲ. ಮಗಳು ಠೇವಣಿ ಕಟ್ಟಿ ಸದಸ್ಯೆಯಾಗಲಿ, ಪುಸ್ತಕ ಮನೆಗೂ ತರಬಹುದು. ಕೇಳಿಯೂ ಸಿಗದ ಪುಸ್ತಕಗಳ ಪಟ್ಟಿಯನ್ನು ಅವಳ ಜೊತೆ ಕೂರುವವರೆಲ್ಲ ಸೇರಿ ಮಾಡಿ, ಸಹಿ ಹಾಕಿ ಕೊಡಲಿ. ಒಂದು ಪ್ರತಿ ನಮಗೂ ಕಳಿಸಿ ಅಕ್ಕಾ, ಮುಂದಿನ ಸಂಚಿಕೆಯಲ್ಲಿ ಹಾಗೇ ಅಚ್ಚು ಹಾಕುತ್ತೇವೆ.

— ಸಂಪಾದಕ