ಹಳೆಯ ಅಂಬಾಸಿಡರ್‌ಗೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದಾ?

ಅಪ್ಪ ಓಡಿಸುತ್ತಿದ್ದ 1984ರ ಪೆಟ್ರೋಲ್ ಅಂಬಾಸಿಡರ್, ಪಾಯಿಂಟ್ (ಕಿಡಿ ಹಾರಿಸಲು ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಸೆಟ್ ಮಾಡಿಸಿ ಮಾಡಿಸಿ ಸಾಕಾಗಿದೆ, ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದರೆ ಮಿಸ್ಸಿಂಗ್ (ನಡುನಡುವೆ ಕಿಡಿ ತಪ್ಪಿ ಎಂಜಿನ್ ಜಗ್ಗುವುದು) ಹೋಗುತ್ತಾ ಅಂತ ಕೇಳಿದ್ದೀರಿ. ಹಾಕಿಸಿ, ಖಂಡಿತ ಹಾಕಿಸಿ. ಆದರೆ ಕಿಟ್‌ಗೆ ದುಡ್ಡು ಕೊಡುವ ಮೊದಲು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಶಾಫ್ಟ್ ಅಲ್ಲಾಡುತ್ತಾ ನೋಡಿ.

ನನ್ನದೂ ಅದೇ 1489 ಸಿಸಿ ಎಂಜಿನ್. ನಾನು ಅದನ್ನು ನೋಡದೇ ಕಿಟ್ ಹಾಕಿಸಿದೆ. ಬೆಳಿಗ್ಗೆ ಸ್ಟಾರ್ಟ್ ಆಗುವುದು ಸುಲಭವಾಯಿತು ನಿಜ. ಆದರೆ ಏರು ಹತ್ತುವಾಗ ಬರುತ್ತಿದ್ದ ಮಿಸ್ಸಿಂಗ್ ಹಾಗೇ ಉಳಿಯಿತು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಕ್ಯಾಪ್ ತೆಗೆದು, ರೋಟರ್ ಕೂರುವ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ತೋರಿಸಿದರು. ಟಕ್ ಟಕ್ ಅಂತ ಆಡುತ್ತಿತ್ತು. ಶಾಫ್ಟನ್ನು ಹಿಡಿದಿಡುವ ಬುಷ್ ಪೂರ್ತಿ ಸವೆದಿತ್ತು. ಲೇತ್‌ನಲ್ಲಿ ಹೊಸ ಬುಷ್ ಮಾಡಿಸಿ ಹಾಕಿದ ಮೇಲೆ ಗಾಡಿ ಸರಿಯಾಯಿತು. ಆ ಕೆಲಸ ಮೊದಲೇ ಆಗಿದ್ದರೆ ಹಳೆಯ ಪಾಯಿಂಟಿನಲ್ಲೇ ಎಷ್ಟೋ ಚೆನ್ನಾಗಿ ಓಡುತ್ತಿತ್ತು.

ಪಾಯಿಂಟ್ ಪಡುವ ಪಾಡು ನೋಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರ್ 1500 ಸುತ್ತು ತಿರುಗುತ್ತದೆ. ಸುತ್ತಿಗೆ ನಾಲ್ಕು ಕಿಡಿ. ಅಂದರೆ ಸೆಕೆಂಡಿಗೆ 100 ಸಲ ಪಾಯಿಂಟ್ ತೆರೆದು ಮುಚ್ಚಬೇಕು, ಪ್ರತಿ ಸಲವೂ ಸುಮಾರು 4 ಆಂಪಿಯರ್ ಕರೆಂಟ್ ಕಡಿಯಬೇಕು. ತುದಿ ಸುಟ್ಟು ಗುಳಿ ಬೀಳುತ್ತದೆ. ಕ್ಯಾಮ್‌ಗೆ ಉಜ್ಜುವ ಹೀಲ್ ಸವೆಯುತ್ತದೆ, ಗ್ಯಾಪ್ ಚಿಕ್ಕದಾಗುತ್ತದೆ, ಪಾಯಿಂಟ್ ತಡವಾಗಿ ತೆರೆದು ಟೈಮಿಂಗ್ ಹಿಂದೆ ಬೀಳುತ್ತದೆ. ಪಿಕಪ್ ಹೋಗುವುದು, ಬಿಸಿ ಜಾಸ್ತಿ ಆಗುವುದು ಇದರಿಂದಲೇ. ಕಿಟ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಆಯಸ್ಕಾಂತದ ಉಂಗುರವೊಂದು ಶಾಫ್ಟ್ ಜೊತೆ ತಿರುಗುತ್ತದೆ, ಮಾಡ್ಯೂಲ್ ಅನ್ನುವ ಎಲೆಕ್ಟ್ರಾನಿಕ್ ಭಾಗ ಅದನ್ನು ಗುರುತಿಸಿ ಕರೆಂಟ್ ಕಡಿಯುತ್ತದೆ.

ಆದರೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದೆ ತರುವ ತೂಕದ ಗುಂಡು, ಸ್ಪ್ರಿಂಗ್, ವ್ಯಾಕ್ಯೂಮ್ ಡಬ್ಬಿ ಎಲ್ಲ ಹಳೆಯದೇ ಉಳಿಯುತ್ತದೆ. ಅದನ್ನೂ ಪರೀಕ್ಷೆ ಮಾಡಿ. ರೋಟರ್ ತಿರುಗುವ ದಿಕ್ಕಿಗೆ ಸ್ವಲ್ಪ ತಿರುಚಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರಬೇಕು. ವ್ಯಾಕ್ಯೂಮ್ ಪೈಪನ್ನು ಬಾಯಿಂದ ಎಳೆದರೆ ಒಳಗಿನ ಪ್ಲೇಟ್ ಸರಿಯಬೇಕು, ಪೈಪಿನ ತುದಿಗೆ ನಾಲಿಗೆ ಒತ್ತಿ ಹಿಡಿದರೆ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಬ್ಬಿಯೊಳಗಿನ ಪೊರೆ (ಡಯಾಫ್ರಂ) ಹರಿದಿದೆ.

ಇನ್ನೊಂದು ಮಾತು. ಪಾಯಿಂಟನ್ನು ಬೈಯುವ ಎಷ್ಟೋ ಕಡೆ ತಪ್ಪು ಕಂಡೆನ್ಸರ್‌ದು, ಅಂದರೆ ಪಾಯಿಂಟ್ ತೆರೆಯುವಾಗ ಅದರ ತುದಿ ಸುಡದಂತೆ ಕಾಯುವ ಪುಟ್ಟ ಡಬ್ಬಿಯದು. ಹೊಸ ಪಾಯಿಂಟ್ ಬೇಗ ಬೇಗ ಸುಡುತ್ತಿದ್ದರೆ ಮೊದಲು ಅದನ್ನು ಬದಲಿಸಿ ನೋಡಿ, ಖರ್ಚು ತೀರಾ ಕಡಿಮೆ.

ಇಷ್ಟಾದ ಮೇಲೆ ಕಿಟ್. ಬ್ಯಾಟರಿಯ ಯಾವ ತುದಿ ಗಾಡಿಯ ಲೋಹದ ಮೈಗೆ ಸೇರಿದೆ ನೋಡಿಕೊಳ್ಳಿ. ಹಳೆಯ ಬ್ರಿಟಿಷ್ ವಿನ್ಯಾಸದ ಎಷ್ಟೋ ಗಾಡಿಗಳಲ್ಲಿ ಪಾಸಿಟಿವ್ ತುದಿ ಮೈಗೆ ಸೇರಿರುತ್ತಿತ್ತು. ತಿರುವುಮುರುವಾಗಿ ಕೊಟ್ಟರೆ ಮಾಡ್ಯೂಲ್ ಸುಡಬಹುದು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಎರಡು ಚಿಕ್ಕ ಟರ್ಮಿನಲ್ ನಡುವೆ ಮೀಟರ್ ಇಟ್ಟು ಅಳೆಯಿರಿ. ಸಾದಾ 12 ವೋಲ್ಟ್ ಕಾಯಿಲ್ ಆದರೆ ಸುಮಾರು 3 ಓಮ್ ಬರುತ್ತದೆ. 1.5 ಓಮ್ ಬಂದರೆ ಅದು ಬ್ಯಾಲಸ್ಟ್ (ಕರೆಂಟ್ ಮಿತಿಯಲ್ಲಿಡುವ ರೆಸಿಸ್ಟೆನ್ಸ್) ಜೊತೆಗಿನ ಕಾಯಿಲ್. ಅದಕ್ಕೆ ಬ್ಯಾಲಸ್ಟ್ ಇಲ್ಲದೆ ನೇರ 12 ವೋಲ್ಟ್ ಕೊಟ್ಟರೆ 8 ಆಂಪಿಯರ್ ಹರಿಯುತ್ತದೆ, ಅದು ತೀರಾ ಜಾಸ್ತಿ. ಆದರೆ ಮಾಡ್ಯೂಲ್‌ನ ಪಾಸಿಟಿವ್ ವೈರ್‌ಗೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಬೇಕು. ಪ್ಲಗ್ ವೈರ್ ಬರೀ ತಾಮ್ರದ್ದಾಗಿದ್ದರೆ ರೆಸಿಸ್ಟೆನ್ಸ್ ಇರುವುದನ್ನು ಹಾಕಿ. ಕೂರಿಸಿದ ಮೇಲೆ ಟೈಮಿಂಗ್ ಲೈಟ್ ಇಟ್ಟು ಮತ್ತೆ ಸೆಟ್ ಮಾಡಲೇಬೇಕು, ಹಳೆಯ ಗುರುತು ಹೊಂದುವುದಿಲ್ಲ. ಎಂಜಿನ್ ಓಡದೇ ಇರುವಾಗ ಕೀ ಆನ್‌ನಲ್ಲಿ ಬಿಡಬೇಡಿ. ನನ್ನ ಮೊದಲ ಮಾಡ್ಯೂಲ್ ಹೋದದ್ದು ಹಾಗೆಯೇ, ವೈಪರ್ ರಿಪೇರಿ ಮಾಡುತ್ತಾ ಅರ್ಧ ಗಂಟೆ ಕೀ ಆನ್ ಇತ್ತು.

ಮೈಲೇಜ್ ಬಗ್ಗೆ ಜಾಸ್ತಿ ಆಸೆ ಬೇಡ. ಸರಿಯಾಗಿ ಸೆಟ್ ಆದ ಪಾಯಿಂಟ್‌ಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಸಿಕ್ಕಿದ್ದು ಏನಂದರೆ, ತಿಂಗಳುಗಟ್ಟಲೆ ಕ್ಯಾಪ್ ತೆಗೆಯಬೇಕಾಗಿಲ್ಲ.

ಪಾಯಿಂಟ್ ಹೇಳಿ ಹೇಳಿ ಕೆಡುತ್ತದೆ, ಉಜ್ಜಿಯಾದರೂ ಮನೆ ಸೇರಬಹುದು. ಮಾಡ್ಯೂಲ್ ಹಾಗಲ್ಲ, ಒಮ್ಮೆಲೇ ನಿಂತುಬಿಡುತ್ತದೆ. ಅದಕ್ಕೇ ನಾನು ಹಳೆಯ ಪ್ಲೇಟನ್ನು ಪಾಯಿಂಟ್, ಕಂಡೆನ್ಸರ್ ಸಮೇತ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಜೊತೆಗೆ ಸ್ಕ್ರೂಡ್ರೈವರ್, ಗ್ಯಾಪ್ ಅಳೆಯುವ ತಗಡು ಪಟ್ಟಿಗಳ ಫೀಲರ್ ಗೇಜ್. ಪಾಯಿಂಟ್ ಗ್ಯಾಪ್ 0.015 ಇಂಚು, ಅಂದರೆ 0.38 ಮಿ.ಮೀ. ಒಂದು ಸಲ ಮನೆ ಮುಂದೆಯೇ ಬದಲಿಸಿ ಅಭ್ಯಾಸ ಮಾಡಿಕೊಳ್ಳಿ, ಆಮೇಲೆ ಘಾಟಿ ಕಡೆ ಹೊರಡಿ.