ಶಾಲೆಯಲ್ಲಿ ಪಾಠ ಮಾಡೋ ತಿಂಗಳುಗಳಿಗೆ ದುಡ್ಡು?

ಮುಂಬೈ ಹತ್ತಿರದ ಡೊಂಬಿವಲಿಯ ನಿಮ್ಮ ತಂಗಿಗೆ ಬಿ.ಎಡ್. ಇಂಟರ್ನ್‌ಶಿಪ್‌ನಲ್ಲಿ ಏನಾದರೂ ಸಿಗುತ್ತಾ ಅಂತ ಕೇಳಿದ್ರಿ. ಸಾಮಾನ್ಯವಾಗಿ ಏನೂ ಇಲ್ಲ ಮೇಡಂ. ಶಿಕ್ಷಕರ ತರಬೇತಿ ನೋಡಿಕೊಳ್ಳೋ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಎರಡು ವರ್ಷದ ಕೋರ್ಸಿನಲ್ಲಿ 20 ವಾರ ಶಾಲೆಗೆ, ಅದರಲ್ಲಿ 16 ವಾರ ಎರಡನೇ ವರ್ಷಕ್ಕೆ. ಅದು ಓದಿನ ಭಾಗ, ನೌಕರಿ ಅಲ್ಲ ಅನ್ನೋ ಲೆಕ್ಕ.

ನಾನೂ ಹಾಗೇ ಮುಗಿಸಿದವಳು. ಚಾರ್ಟ್ ಪೇಪರ್, ಸ್ಕೆಚ್ ಪೆನ್ನು, ಗೋಂದು ಎಲ್ಲಾ ಕೈಯಿಂದಲೇ. ಟೀಚರ್ ರಜೆ ಹಾಕಿದರೆ ಅವರ ಪೀರಿಯಡ್ಡೂ ನಮ್ಮ ತಲೆಗೇ, ಅದಕ್ಕಾದರೂ ಕೊಡಬೇಕಪ್ಪ!

ಮಹಾರಾಷ್ಟ್ರದಲ್ಲಿ ಶಿಕ್ಷಣ ಸೇವಕರಿಗೆ (ಹೊಸದಾಗಿ ನೇಮಕವಾಗಿ ಇನ್ನೂ ಪೂರ್ಣ ಸಂಬಳ ಸಿಗದ ಶಿಕ್ಷಕರಿಗೆ) 2023ರಲ್ಲಿ ಏರಿಸಿದ ಗೌರವಧನ (ಪ್ರಾಥಮಿಕಕ್ಕೆ 16,000 ರೂ.) ನೇಮಕವಾದ ಮೇಲಿನದು, ಇದಕ್ಕೆ ಸಂಬಂಧವಿಲ್ಲ. ತಂಗಿ ಕಾಲೇಜಿನ ದಾರಿಯಲ್ಲೇ ಇರೋ ಶಾಲೆಯನ್ನು ಕೇಳಿ ಹಾಕಿಸಿಕೊಳ್ಳಲಿ, ಲೋಕಲ್ ರೈಲಿನ ಕನ್ಸೆಷನ್ ಪಾಸಿನಲ್ಲೇ ಓಡಾಟ ಮುಗಿಯುತ್ತೆ.