ಶಾಲೆಯ ಗಂಟೆ ಕೇಳಿಸಿದಾಗ

ಪ್ರಶ್ನೆ: ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 33 ವರ್ಷ ಕಲಿಸಿ, ಕಳೆದ ವರ್ಷ 60 ತುಂಬಿ ನಿವೃತ್ತಳಾದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನದ ಪ್ರಾರಂಭೋತ್ಸವಕ್ಕೆ ಮಾವಿನ ತೋರಣ ಕಟ್ಟುವುದನ್ನು ಕಂಡಾಗ, ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡಿಸುವ ಸೇತುಬಂಧದ ದಾಖಲೆ ಬರೆಯುವ ಗೋಜು ತಪ್ಪಿತೆಂಬ ನೆಮ್ಮದಿಯೂ, ಒಂದನೆಯ ತರಗತಿಯ ಬಾಗಿಲಲ್ಲಿ ತಾಯಿಯ ಸೆರಗು ಬಿಡದೆ ಅಳುವ ಮಗುವನ್ನು ಇನ್ನು ನಾನು ಎತ್ತಿಕೊಳ್ಳಲಾರೆನೆಂಬ ಸಂಕಟವೂ ಒಟ್ಟಿಗೇ ಬರುತ್ತವೆ. ಇದು ಸಹಜವೇ?

ಉತ್ತರ: ಸಹಜವೇ, ತಾಯಿ. ನಿಮಗೆ ಬೇಸರ ತಂದದ್ದು ಕಾಗದಪತ್ರ, ಮಕ್ಕಳಲ್ಲ. ಮೊದಲ ದಿನವೇ ಶಾಲೆಗೆ ಹೋಗಬೇಡಿ, ಏಕೆಂದರೆ ಅಂದು ಮಕ್ಕಳು ನಿಮ್ಮ ಜಾಗಕ್ಕೆ ಬಂದ ಶಿಕ್ಷಕಿಯ ಸುತ್ತ ನೆರೆಯಬೇಕು. ತಿಂಗಳು ಕಳೆದ ಮೇಲೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಓದಲು ತಡವರಿಸುವ ನಾಲ್ಕೈದು ಮಕ್ಕಳನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಕಥೆ ಓದಿಸಿ. ಹಾಜರಿ ಪುಸ್ತಕವನ್ನು ಮಾತ್ರ ಮುಟ್ಟಬೇಡಿ.